ಕಡಲಿಲ್ಲದ ಊರಿನಲ್ಲಿ ಸರ್ಫ್ ಬ್ಯಾಂಡ್: ಹುಬ್ಬಳ್ಳಿ-ಧಾರವಾಡದಲ್ಲಿ ಹಾಡುಗಾರರಿಲ್ಲದ ರಾಕ್ ತಂಡ ಕಟ್ಟುವ ಬಗೆ

ನಮ್ಮ ಮೊದಲ ಕಾರ್ಯಕ್ರಮದಲ್ಲಿ ಮೂರನೆಯ ತುಣುಕು ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ವೇದಿಕೆಯ ಅಂಚಿಗೆ ಬಂದು, "ತಮ್ಮಾ, ಹಾಡುವವರು ಇನ್ನೂ ಬಂದಿಲ್ಲವೇನು?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆಯೋಜಕರು ವೇದಿಕೆಯ ನಟ್ಟನಡುವೆ ಒಂದು ಮೈಕ್ ನಿಲ್ಲಿಸಿದ್ದರು, ನಾವು ನಾಲ್ವರೂ ಅದನ್ನು ಸುತ್ತುಹಾಕಿ ಹೋಗಿ ನಿಂತಿದ್ದೆವು. "ಕಾಕಾ, ಹಾಡುವವರು ಯಾರೂ ಇಲ್ಲ, ನಾವಿಷ್ಟೇ" ಎಂದೆ. ಅವರು ಮೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತಮ್ಮ ಕುರ್ಚಿಗೆ ಮರಳಿದರು. ಕೊನೆಯವರೆಗೂ ಕುಳಿತಿದ್ದರು. ಅವರಂಥವರನ್ನು ಕೂರಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹ.

ಸರ್ಫ್ ಸಂಗೀತ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ. ಹಗಲಿಡೀ ಅಲೆಯ ಮೇಲೆ ಹಲಗೆ ಜಾರಿಸಿದ ಹುಡುಗರು ಸಂಜೆ ಕುಣಿಯಲು ಬರುತ್ತಿದ್ದ ಸಭಾಂಗಣಗಳ ಗಿಟಾರ್ ಸಂಗೀತವಿದು. ನಮ್ಮಲ್ಲಿ ಹಲಗೆಯೆಂದರೆ ಹೋಳಿಯಲ್ಲಿ ಬಡಿಯುವುದು. ಕಡಲು ನೋಡಬೇಕಾದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗಬೇಕು. ಆದರೆ ಈ ಸಂಗೀತಕ್ಕೆ ಕಡಲು ಬೇಕೇ ಬೇಕು ಎಂಬ ನಿಯಮ ಅಮೆರಿಕದಲ್ಲೂ ಉಳಿದಿಲ್ಲ. ಕುಸ್ತಿಪಟುಗಳ ಮುಖವಾಡ ತೊಟ್ಟು ನುಡಿಸುವ ಲಾಸ್ ಸ್ಟ್ರೇಟ್‌ಜಾಕೆಟ್ಸ್ ತಂಡದ ಊರು ನ್ಯಾಶ್ವಿಲ್, ಅಲ್ಲಿಂದ ಸಮುದ್ರ ನೂರಾರು ಮೈಲಿ. ಕೆನಡಾದ ಟೊರಾಂಟೊದಲ್ಲಿ ಶ್ಯಾಡೋವಿ ಮೆನ್ ಆನ್ ಎ ಶ್ಯಾಡೋವಿ ಪ್ಲಾನೆಟ್ ಎಂಬ ಮೂವರ ತಂಡ ಇದೇ ಬಗೆಯ ಚೇಷ್ಟೆಯ ಸಂಗೀತ ಮಾಡಿತು. ಅವರನ್ನು ಸರ್ಫ್ ಬ್ಯಾಂಡ್ ಎಂದು ಕರೆದರೆ ಅವರಿಗೇ ಸಿಟ್ಟು ಬರುತ್ತಿತ್ತು. ಟೊರಾಂಟೊದಲ್ಲಿ ಇರುವುದು ಕೆರೆ. ಕೆರೆ ನಮಗೂ ಇದೆ, ಉಣಕಲ್ಲಿನಲ್ಲಿ.

ಮೊದಲು ಕಿವಿ

ಗಿಟಾರ್ ಕೊಳ್ಳುವ ಮುನ್ನ ಒಂದು ವಾರ ಬರೀ ಕೇಳಿ. ಸರ್ಫ್ ಗಿಟಾರಿಸ್ಟ್ ಡಿಕ್ ಡೇಲ್ ಅವರಿಂದ ಶುರು ಮಾಡಿ. ಅವರ ತಂದೆಯ ಕಡೆಯವರು ಲೆಬನಾನಿನವರು. 1962ರಲ್ಲಿ ಅವರು 'ಮಿಸಿರ್ಲೂ' ಎಂಬ ಪೂರ್ವ ಮೆಡಿಟರೇನಿಯನ್ನಿನ ಹಳೆಯ ಧಾಟಿಯನ್ನು ವಿದ್ಯುತ್ ಗಿಟಾರಿನಲ್ಲಿ ಬಿರುಗಾಳಿಯಂತೆ ನುಡಿಸಿದರು. ಅದನ್ನು ಕೇಳಿ, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಸ್ವರ ಹುಡುಕಿ. ಷಡ್ಜ, ಕೋಮಲ ರಿಷಭ, ಶುದ್ಧ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ಧೈವತ, ಶುದ್ಧ ನಿಷಾದ. ಧಾರವಾಡದಲ್ಲಿ ಒಂದು ವರ್ಷ ಸಂಗೀತದ ಪಾಠಕ್ಕೆ ಹೋದ ಮಗುವೂ ಹೇಳುತ್ತದೆ, ಇದು ಭೈರವ ಥಾಟ್.

ಗಿಟಾರಿನ ಎಲ್ಲಕ್ಕಿಂತ ದಪ್ಪ ತಂತಿಯನ್ನು ಷಡ್ಜ ಎಂದಿಟ್ಟುಕೊಂಡರೆ ಇಡೀ ಸಪ್ತಕ ಅದೊಂದೇ ತಂತಿಯಲ್ಲಿ ಸಿಗುತ್ತದೆ: ಬಿಟ್ಟ ತಂತಿ, ಆಮೇಲೆ 1, 4, 5, 7, 8, 11, 12ನೆಯ ಮನೆಗಳು (ಫ್ರೆಟ್‌ಗಳು). ಇವಿಷ್ಟನ್ನೇ ಮೂರು ದಿನ ನುಡಿಸಿ. ಸಿತಾರ್ ಕಲಿಸುವ ನಮ್ಮ ಗುರುಗಳ ಮುಂದೆ ಇದನ್ನು ನುಡಿಸಿದಾಗ ಅವರು ಕಣ್ಣು ತೆರೆಯದೆಯೇ, "ಭೈರವ ಸರಿ, ಆದರೆ ಬಸ್ ಹಿಡಿಯುವ ಅವಸರದಲ್ಲಿದೆ" ಎಂದರು. ಅದಕ್ಕಿಂತ ಚೆನ್ನಾಗಿ ಸರ್ಫ್ ಸಂಗೀತವನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಲಾಭವಿದೆ. ಈ ಶೈಲಿಯ ಜೀವಾಳವಾದ ಅತಿವೇಗದ ಮೇಲೆ-ಕೆಳಗೆ ಮೀಟು ಸಿತಾರ್ ಕಲಿತವರಿಗೆ ಹೊಸದಲ್ಲ. ದಾ-ರಾ, ದಾ-ರಾ ಎಂದು ಶುರುವಾಗಿ ದಿರಿದಿರಿಗೆ ಏರುವ ಅಭ್ಯಾಸವೇ ಅದು. ಸಿತಾರ ರತ್ನ ರಹಿಮತ್ ಖಾನರು ನೆಲೆಸಿ ಕಲಿಸಿದ ಊರಿದು. ಮಾತಿಲ್ಲದ ಸಂಗೀತವನ್ನು ಕೂತು ಕೇಳುವ ಅಭ್ಯಾಸ ಇಲ್ಲಿ ಮೂರು-ನಾಲ್ಕು ತಲೆಮಾರಿನಿಂದ ಇದೆ. ಆ ಕಾಕಾ ಎದ್ದು ಹೋಗದಿರುವುದಕ್ಕೆ ನಮ್ಮ ಪ್ರತಿಭೆಗಿಂತ ಅದೇ ಹೆಚ್ಚಿನ ಕಾರಣವಿರಬೇಕು.

ಜನ ಕೂಡಿಸುವುದು

ಮೂವರು ಸಾಕು, ನಾಲ್ವರಾದರೆ ಚೆನ್ನು, ಐವರಾದರೆ ಆಟೋ ಸಾಲುವುದಿಲ್ಲ. ಗಿಟಾರ್, ಬೇಸ್, ಡ್ರಮ್ಸ್. ನಾಲ್ಕನೆಯವರಾಗಿ ಎಲ್ಲರೂ ಇನ್ನೊಬ್ಬ ಗಿಟಾರಿಸ್ಟನನ್ನು ಹುಡುಕುತ್ತಾರೆ. ನನ್ನ ಸಲಹೆ ಬೇರೆ: ಹಾರ್ಮೋನಿಯಂ ನುಡಿಸುವವರನ್ನು ಕರೆತನ್ನಿ. ಅರವತ್ತರ ದಶಕದ ತಂಡಗಳು ಕೀರಲು ದನಿಯ ಸಣ್ಣ ವಿದ್ಯುತ್ ಆರ್ಗನ್ ಬಳಸುತ್ತಿದ್ದವು. ಮೈಕಿನ ಮುಂದಿಟ್ಟ ಹಾರ್ಮೋನಿಯಮ್ಮಿಗೆ ಸ್ವಲ್ಪ ಸ್ಪ್ರಿಂಗ್ ಗುಂಗು (ಸ್ಪ್ರಿಂಗ್ ಪೆಟ್ಟಿಗೆಯ ಮಾರ್ದನಿ, ಮುಂದೆ ಹೇಳುತ್ತೇನೆ) ಸೇರಿಸಿದರೆ ಅದಕ್ಕೆ ತೀರ ಹತ್ತಿರ ಬರುತ್ತದೆ. ಗದಗಿನ ಕಡೆಯ ಹುಡುಗರಲ್ಲಿ ಒಳ್ಳೆಯ ಕೈ ಇರುವವರು ಬಹಳ. ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ನೆರಳಿನ ಊರಲ್ಲವೇ. ಒಂದು ಎಚ್ಚರ: ಹಾರ್ಮೋನಿಯಮ್ಮಿನ ಶ್ರುತಿಯನ್ನು ನಿಂತ ಕಾಲಿನಲ್ಲಿ ಬದಲಿಸಲಾಗುವುದಿಲ್ಲ. ಮೊಬೈಲಿನ ಟ್ಯೂನರನ್ನು ನಂಬಿ ಗಿಟಾರ್ ಸರಿ ಮಾಡಿಕೊಂಡು ಬಂದರೆ ಎರಡೂ ಜಗಳವಾಡುತ್ತವೆ. ಪೆಟ್ಟಿಗೆಯ ಸ್ವರ ಕೇಳಿಯೇ ಗಿಟಾರ್, ಬೇಸ್ ಎರಡನ್ನೂ ಕಟ್ಟಿ.

ಡ್ರಮ್ಸಿಗೆ ಹೋಳಿಯಲ್ಲಿ ಹಲಗೆ ಬಡಿದ ಹುಡುಗ ಸಿಕ್ಕರೆ ಮತ್ತೇನೂ ನೋಡಬೇಡಿ. ಬ್ಯಾಹಟ್ಟಿಯ ಕಡೆ ಜಗ್ಗಲಿಗೆ ಎಂಬ ಭಾರಿ ಚರ್ಮವಾದ್ಯ ಬಡಿದವನಾದರೆ ಇನ್ನೂ ಮೇಲು. ಪುಸ್ತಕ ನೋಡಿ ಕಲಿತ ಡ್ರಮ್ಮರ್ ಎಲ್ಲ ಕಡೆ ತುಂಬಲು ನೋಡುತ್ತಾನೆ. ಹಲಗೆಯ ಹುಡುಗ ನಡೆ ಹಿಡಿದರೆ ಬಿಡುವುದಿಲ್ಲ.

ಗಿಟಾರ್ ಮತ್ತು ಅಂಗೈ

ದುಬಾರಿ ಗಿಟಾರ್ ಬೇಡ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಒಂದೇ ಸುರುಳಿಯ ಭಾಗ) ಇರಬೇಕು, ಸೇತುವೆಯ ಬಳಿ ಸದ್ದು ಬಾಗಿಸುವ ಕಡ್ಡಿ ಇರಬೇಕು, ಅಷ್ಟೇ. ತಂತಿ ಮಾತ್ರ ದಪ್ಪಗಿರಲಿ. ಅಂಗಡಿಯವರು 9 ಅಥವಾ 10ರ ಕಟ್ಟು (ಅತಿ ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಕೊಡುತ್ತಾರೆ, ನೀವು 11 ಅಥವಾ 12 ಕೇಳಿ. ಮೊದಲ ವಾರ ಬೆರಳು ಉರಿಯುತ್ತದೆ. ಸಣ್ಣ ತಂತಿಗೆ ಈ ಮೀಟು ತಡೆಯುವ ಕಸುವಿಲ್ಲ. ಸ್ವರ ನಡುಗಿ ಶ್ರುತಿ ಬಿಡುತ್ತದೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಇದ್ದರೆ ಅದನ್ನು ಯಾರಿಗಾದರೂ ಮದುವೆಯ ಉಡುಗೊರೆಯಾಗಿ ಕೊಟ್ಟುಬಿಡಿ. ಇಲ್ಲಿ ಸದ್ದು ತೊಳೆದ ಗಾಜಿನಂತೆ ಇರಬೇಕು.

ಈಗ ಅಂಗೈ. ಬಲ ಅಂಗೈಯ ಕಿರುಬೆರಳ ಕಡೆಯ ಅಂಚನ್ನು ತಂತಿಗಳು ಸೇತುವೆಯನ್ನು ಬಿಡುವ ಜಾಗದಲ್ಲಿ ಇಡಿ. ಎರಡು ಮಿಲಿಮೀಟರ್ ಮುಂದೆ ಹೋದರೆ ಸ್ವರ ಸತ್ತು ಬರೀ ಟಕ್ ಎನ್ನುತ್ತದೆ, ಎರಡು ಮಿಲಿಮೀಟರ್ ಹಿಂದೆ ಸರಿದರೆ ಗಂಟೆಯಂತೆ ಹರಡುತ್ತದೆ. ನಡುವಿನ ಕೂದಲೆಳೆಯ ಜಾಗದಲ್ಲಿ, ಸ್ಪ್ರಿಂಗ್ ಗುಂಗಿನೊಂದಿಗೆ, ಬಚ್ಚಲ ಹಂಡೆಯೊಳಗೆ ಹನಿ ಬಿದ್ದಂಥ ಸದ್ದು ಬರುತ್ತದೆ. ಸರ್ಫ್ ಗಿಟಾರಿನ ಒದ್ದೆತನವೆಂದರೆ ಅದು. ನನಗೆ ಆ ಜಾಗ ಸಿಗಲು ಒಂದು ತಿಂಗಳು ಹಿಡಿಯಿತು, ಈಗಲೂ ಚಳಿಗಾಲದ ಬೆಳಿಗ್ಗೆ ಕೈ ಮರಗಟ್ಟಿದಾಗ ತಪ್ಪುತ್ತದೆ.

ಬಾಗಿಸುವ ಕಡ್ಡಿಯ ಬಗ್ಗೆ: ಹೊಸಬರು ಅದನ್ನು ಪಂಪಿನ ಹಿಡಿಯಂತೆ ಜಗ್ಗುತ್ತಾರೆ. ಭೈರವದ ರಿಷಭ, ಧೈವತಗಳಿಗೆ ನಿಧಾನದ ಆಂದೋಲನವಿದೆಯಲ್ಲ, ಆ ತೂಗಾಟವನ್ನು ಮಾತ್ರ ಕಡ್ಡಿಯಿಂದ ಕೊಡಿ. ಮನೆಗಳ ನಡುವೆ ಸಿಕ್ಕಿಬಿದ್ದ ಗಿಟಾರಿನ ಸ್ವರಕ್ಕೆ ಸ್ವಲ್ಪ ಉಸಿರಾಡಲು ಬಿಟ್ಟಂತಾಗುತ್ತದೆ.

ಸ್ಪ್ರಿಂಗ್ ಪೆಟ್ಟಿಗೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಣ ಪೋಲಾಗುವುದೂ ಮಜಾ ಸಿಗುವುದೂ ಇಲ್ಲಿಯೇ.

ಸ್ಪ್ರಿಂಗ್ ರಿವರ್ಬ್ ಎಂದರೆ ಗಿಟಾರಿನ ವಿದ್ಯುತ್ ಸಂಕೇತದಿಂದ ಒಂದು ಸ್ಪ್ರಿಂಗಿನ ತುದಿಯನ್ನು ಅಲುಗಾಡಿಸುವುದು, ಇನ್ನೊಂದು ತುದಿಯಲ್ಲಿ ಆ ಅಲುಗಾಟವನ್ನು ಮತ್ತೆ ಸಂಕೇತವಾಗಿಸಿ ಮೂಲದೊಂದಿಗೆ ಬೆರೆಸುವುದು. ಅಲುಗಾಟ ಸ್ಪ್ರಿಂಗಿನಲ್ಲಿ ಹೋಗಿ ಬಂದು ಹೋಗಿ ಬಂದು ಕರಗುತ್ತದೆ, ಕಿವಿಗೆ ಅದು ದೊಡ್ಡ ಬಾವಿಯ ಮಾರ್ದನಿಯಂತೆ ಕೇಳುತ್ತದೆ. ಮೊದಲು ಇದು ಹ್ಯಾಮಂಡ್ ಆರ್ಗನ್ನುಗಳಲ್ಲಿತ್ತು. 1961ರಲ್ಲಿ ಫೆಂಡರ್ ಕಂಪನಿ ಗಿಟಾರಿಗೆಂದೇ ಪ್ರತ್ಯೇಕ ಪೆಟ್ಟಿಗೆ ತಂದಿತು. ಅದೇ ವರ್ಷ ಬಂದ ಡೇಲ್ ಅವರ ಮೊದಲ ಸರ್ಫ್ ಮುದ್ರಿಕೆಯಲ್ಲಿ ಈ ಸದ್ದು ಇನ್ನೂ ಇರಲಿಲ್ಲ. ಬಂದ ಮೇಲೆ ಅದಿಲ್ಲದೆ ಸರ್ಫ್ ಇಲ್ಲ ಎಂಬಂತಾಯಿತು.

ಆ ಪೆಟ್ಟಿಗೆಯಲ್ಲಿ ಮೂರೇ ಗುಂಡಿಗಳು. ಡ್ವೆಲ್ ಎಂಬುದು ಸ್ಪ್ರಿಂಗನ್ನು ಎಷ್ಟು ಜೋರಾಗಿ ಬಡಿಯಬೇಕು ಎಂಬುದಕ್ಕೆ. ಮಿಕ್ಸರ್ ಎಂಬುದು ಗುಂಗನ್ನು ಎಷ್ಟು ಬೆರೆಸಬೇಕು ಎಂಬುದಕ್ಕೆ. ಟೋನ್ ಗುಂಗಿನ ಚೂಪಿಗೆ. ಪೆಡಲ್ ಕೊಳ್ಳುವುದಾದರೆ ಈ ಮೂರಕ್ಕೂ ಬೇರೆ ಬೇರೆ ಗುಂಡಿ ಇರುವುದನ್ನು ನೋಡಿ ಕೊಳ್ಳಿ, ಹೆಸರಿನಲ್ಲಿ ಸ್ಪ್ರಿಂಗ್ ಎಂದಿದ್ದರೆ ಸಾಲದು. ಡ್ವೆಲ್ ಮುಕ್ಕಾಲು, ಮಿಕ್ಸರ್ ಅರ್ಧ ಇಟ್ಟು ಶುರು ಮಾಡಿ. ಪೆಡಲ್ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಬರಬೇಕು. ಹಳೆಯ ಪೆಟ್ಟಿಗೆಯೂ ಹಾಗೆಯೇ ಕೂರುತ್ತಿತ್ತು.

ನಾವು ಕೊಳ್ಳಲಿಲ್ಲ, ಮಾಡಿದೆವು. ಬೇಕಾದದ್ದು: ಹಳೆಯ ಟೇಪ್‌ರೆಕಾರ್ಡರಿನ ಎರಡು ಇಂಚಿನ 8 ಓಮ್ ಸ್ಪೀಕರ್, ಎಲ್‌ಎಂ 386 ಚಿಪ್ಪಿನ ಪುಟ್ಟ ಆಂಪ್ಲಿಫೈಯರ್ ಬೋರ್ಡ್, ಬಜರಿನಲ್ಲಿರುವ ಹಿತ್ತಾಳೆಯ ಪೀಜೋ ಬಿಲ್ಲೆ (ಅಲುಗಾಟವನ್ನು ಸಂಕೇತವಾಗಿಸುವುದು ಇದೇ), ಎರಡು ಮೆತ್ತನೆಯ ಉಕ್ಕಿನ ಸ್ಪ್ರಿಂಗ್, ಬಿಸ್ಕತ್ತಿನ ತಗಡಿನ ಡಬ್ಬಿ, ಎಫೆಕ್ಟ್ ಸೆಂಡ್ (ಸಂಕೇತದ ಒಂದು ಪಾಲನ್ನು ಹೊರಗೆ ಕಳಿಸುವ ದಾರಿ) ಇರುವ ಸಣ್ಣ ಮಿಕ್ಸರ್ ಯಂತ್ರ. ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತ ಒಂದು ಮಧ್ಯಾಹ್ನ ಅಲೆದರೆ ಮಿಕ್ಸರ್ ಬಿಟ್ಟು ಉಳಿದದ್ದಕ್ಕೆ ಹೆಚ್ಚು ಖರ್ಚಿಲ್ಲ. ಸ್ಪ್ರಿಂಗ್ ಆಯ್ಕೆಯಲ್ಲೇ ನಾನು ಸೋತದ್ದು. ಮೊದಲು ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿದೆ. ಅದು ಕಲ್ಲಿನಂತೆ ಕೂತಿತು, ಗಿಟಾರ್ ಮೀಟಿದರೆ ಠಕ್ ಎಂದಿತು, ಅಷ್ಟೇ. ಸ್ಪ್ರಿಂಗನ್ನು ಬೆರಳ ತುದಿಯಿಂದ ತೂಗಬಿಟ್ಟಾಗ ತನ್ನ ಭಾರಕ್ಕೆ ತಾನೇ ತುಸು ಇಳಿಯಬೇಕು, ಎಳೆದು ಕಟ್ಟಿದಾಗ 25ರಿಂದ 30 ಸೆಂಟಿಮೀಟರ್ ಬರಬೇಕು, ಉಗುರು ತಾಗಿಸಿದರೆ ಝೇಂಕರಿಸಬೇಕು. ಎರಡರ ಉದ್ದವೂ ಒಂದೇ ಆಗಬಾರದು. ಒಂದೇ ಆದರೆ ಮಾರ್ದನಿ ತಗಡು ಬಡಿದಂತೆ ಒಂದೇ ಸ್ವರಕ್ಕೆ ಅಂಟಿಕೊಳ್ಳುತ್ತದೆ.

ಸ್ಪೀಕರಿನ ಕಾಗದದ ನಡುಗುಬ್ಬಿಗೆ ಬೆಂಕಿಕಡ್ಡಿಯ ಚೂರೊಂದನ್ನು ಅಂಟಿಸಿ, ಅದಕ್ಕೆ ಸ್ಪ್ರಿಂಗ್‌ಗಳ ಒಂದು ತುದಿ ಸಿಕ್ಕಿಸಿ. ಇನ್ನೊಂದು ತುದಿಗಳು ಪೀಜೋ ಬಿಲ್ಲೆಗೆ. ಬಿಲ್ಲೆಯನ್ನು ಡಬ್ಬಿಗೆ ನೇರ ಅಂಟಿಸದೆ ರಬ್ಬರ್ ತುಂಡಿನ ಮೇಲೆ ಕೂರಿಸಿ. ಸ್ಪೀಕರಿನ ಸದ್ದು ಗಾಳಿಯಲ್ಲೇ ಬಿಲ್ಲೆಗೆ ತಲುಪದಂತೆ ನಡುವೆ ಸ್ಪಂಜಿನ ಗೋಡೆ ಕಟ್ಟಿ, ಸ್ಪ್ರಿಂಗ್ ಹಾಯಲು ಮಾತ್ರ ತೂತಿರಲಿ. ಬಿಲ್ಲೆಯ ಸಂಕೇತ ಬಹಳ ಬಡಕಲು, ಶೀಲ್ಡ್ ಇರುವ ತಂತಿಯಲ್ಲೇ ಹೊರತನ್ನಿ. ತಗಡಿನ ಡಬ್ಬಿಯನ್ನೂ ಆ ಶೀಲ್ಡಿಗೇ ಜೋಡಿಸಿದರೆ ಗುಂಯ್‌ಗುಡುವುದು ಎಷ್ಟೋ ಇಳಿಯುತ್ತದೆ. ಮಿಕ್ಸರಿನ ಸೆಂಡ್ ಬೋರ್ಡಿಗೆ, ಬೋರ್ಡು ಸ್ಪೀಕರಿಗೆ, ಬಿಲ್ಲೆ ಮಿಕ್ಸರಿನ ಇನ್ನೊಂದು ಚಾನೆಲ್ಲಿಗೆ. ಆ ಚಾನೆಲ್ಲಿನ ಸೆಂಡ್ ಗುಂಡಿ ಸೊನ್ನೆಯಲ್ಲೇ ಇರಬೇಕು, ತಪ್ಪಿ ತಿರುಗಿಸಿದರೆ ಸದ್ದು ತನ್ನನ್ನು ತಾನೇ ನುಂಗುತ್ತ ಕಿರುಚತೊಡಗುತ್ತದೆ. ಗಿಟಾರ್ ನೇರ ಮಿಕ್ಸರಿಗೆ ಹೋದರೆ ಮಂಕಾಗುತ್ತದೆ, ನಡುವೆ ಬಫರ್ (ಸಂಕೇತ ಸೊರಗದಂತೆ ಕಾಯುವ ಭಾಗ) ಇರುವ ಯಾವುದಾದರೂ ಪೆಡಲ್ ಇರಲಿ.

ಎಲ್ಲ ಮುಗಿದ ಮೇಲೆ ಡಬ್ಬಿಯನ್ನು ಒಮ್ಮೆ ಮೆಲ್ಲಗೆ ಒದೆಯಿರಿ. ಗುಡುಗಿನಂತೆ ಸಿಡಿದರೆ ಕೆಲಸ ಆಯಿತು. ಆ ಗುಡುಗನ್ನು ತುಣುಕಿನ ಕೊನೆಗೆ ಬೇಕೆಂದೇ ಬಳಸುವ ತಂಡಗಳಿವೆ. ನಾವೂ ಬಳಸುತ್ತೇವೆ, ಆದರೆ ಒಂದು ಕಾರ್ಯಕ್ರಮಕ್ಕೆ ಒಂದೇ ಸಲ.

ನಡೆ

ಲಯ ಸರಳ. ನಾಲ್ಕು ಮಾತ್ರೆ: ಧುಂ, ತಕ, ಧುಂ, ತಾ. ಒಂದು ಮತ್ತು ಮೂರಕ್ಕೆ ಕಾಲಿನ ಡ್ರಮ್, ಎರಡನೆಯದರಲ್ಲಿ ಸ್ನೇರಿಗೆ (ಕೋಲಿನಿಂದ ಬಡಿಯುವ ಚಿಕ್ಕ ಡ್ರಮ್) ಎರಡು ಪೆಟ್ಟು, ನಾಲ್ಕಕ್ಕೆ ಒಂದು. ನಿಮಿಷಕ್ಕೆ 100ರಲ್ಲಿ ಶುರು ಮಾಡಿ, ಎರಡು ತಿಂಗಳಿನಲ್ಲಿ 160ಕ್ಕೆ ಏರಿ. ಬೇಸ್ ನುಡಿಸುವವರು ಷಡ್ಜ-ಪಂಚಮ ಬಿಟ್ಟು ಅಲೆದಾಡಬಾರದು. ಅವರಿಗೆ ಬೇಸರವಾಗುತ್ತದೆ, ಗೊತ್ತು. ವಾರಕ್ಕೊಮ್ಮೆ ಮಿರ್ಚಿ-ಗಿರ್ಮಿಟ್ ಕೊಡಿಸಿ.

ಕೋಣೆಗೆ ಕೌದಿ

ಸದ್ದು ಹೀರಲು ಅಂಗಡಿಯ ಕಪ್ಪು ಸ್ಪಂಜು ಕೊಳ್ಳಬೇಡಿ. ಮನೆಯಲ್ಲಿ ಹಳೆಯ ಕೌದಿಗಳಿದ್ದೇ ಇರುತ್ತವೆ. ಹತ್ತಾರು ಪದರದ ಹಳೆಯ ಸೀರೆ, ಅದರ ಮೇಲೆ ಒತ್ತೊತ್ತಾಗಿ ಹೊಲಿಗೆ, ಇದಕ್ಕಿಂತ ಒಳ್ಳೆಯ ಹೊದಿಕೆ ಎಲ್ಲಿದೆ? ಗೋಡೆಗೆ ತಾಗಿಸಿ ಮೊಳೆ ಹೊಡೆಯದೆ ಒಂದು ಗೇಣು ಬಿಟ್ಟು ಹಗ್ಗಕ್ಕೆ ಇಳಿಬಿಡಿ. ಹಿಂದಿನ ಗಾಳಿಯ ಪದರದಿಂದಾಗಿ ಅದು ಇನ್ನಷ್ಟು ತಗ್ಗಿನ ಸ್ವರಗಳನ್ನೂ ಹೀರುತ್ತದೆ. ಆದರೂ ಬೇಸ್ ಮತ್ತು ಕಾಲಿನ ಡ್ರಮ್ ನಿಲ್ಲುವುದಿಲ್ಲ, ಅವು ನೆಲದ ಮೂಲಕ ಪಕ್ಕದ ಮನೆಗೆ ಹೋಗುತ್ತವೆ. ಡ್ರಮ್ಸನ್ನು ಹಳೆಯ ಗಾದಿಯ ಮೇಲಿಡಿ, ಕಾಲಿನ ಡ್ರಮ್ಮಿನೊಳಗೆ ತಲೆದಿಂಬು ತುರುಕಿ. ಪರೀಕ್ಷೆಯ ತಿಂಗಳುಗಳಲ್ಲಿ ಡ್ರಮ್ಸ್ ಮುಟ್ಟಲೇಬೇಡಿ. ಓದುವ ಮಕ್ಕಳೇ ತುಂಬಿರುವ ಧಾರವಾಡದಲ್ಲಿ ಒಬ್ಬ ಪಿಯುಸಿ ಹುಡುಗನ ತಾಯಿಯ ಸಿಟ್ಟು ಇಡೀ ಓಣಿಯ ಸಿಟ್ಟಾಗಲು ಒಂದು ಸಂಜೆ ಸಾಕು.

ತುಣುಕು ಕಟ್ಟುವುದು

ಮಾತಿಲ್ಲದ ತುಣುಕಿನಲ್ಲಿ ಗಿಟಾರೇ ಹಾಡುಗಾರ. ಆದ್ದರಿಂದ ಧಾಟಿಯನ್ನು ಮೊದಲು ಬಾಯಲ್ಲಿ ಗುನುಗಿ, ಆಮೇಲೆ ವಾದ್ಯಕ್ಕೆ ಕೈ ಹಾಕಿ. ಬೆರಳು ಮೊದಲು ಹೋದರೆ ಕಸರತ್ತು ಹುಟ್ಟುತ್ತದೆ. ಎರಡೂವರೆ ನಿಮಿಷ ಮೀರಬೇಡಿ: ಧಾಟಿ ಎರಡು ಸಲ, ನಡುವೆ ಬೇರೆ ದಾರಿಯ ಎಂಟು ಸಾಲು, ಮತ್ತೆ ಧಾಟಿ, ಬೇಕಾದರೆ ಅರ್ಧ ಸ್ವರ ಮೇಲೆ, ಮುಗಿಯಿತು.

ನಮ್ಮ ಪರೀಕ್ಷೆ ವೈನಿಯದು. ಅಭ್ಯಾಸದ ಕೋಣೆ ಅವರ ಹಿತ್ತಿಲಿಗೆ ಅಂಟಿಕೊಂಡಿದೆ. ಹೊಸ ಧಾಟಿಯನ್ನು ಒಂದು ವಾರ ನುಡಿಸಿದ ಮೇಲೆ ಅವರು ಬಟ್ಟೆ ಒಣಹಾಕುತ್ತ ಅದನ್ನು ಗುನುಗಿದರೆ ಪಾಸು. ಒಮ್ಮೆ ಅವರು ಮೂರನೆಯ ಸಾಲನ್ನು ತಪ್ಪಾಗಿ ಗುನುಗಿದರು: ನಾವು ನಿಷಾದಕ್ಕೆ ಏರಿ ಷಡ್ಜ ಮುಟ್ಟುತ್ತಿದ್ದಲ್ಲಿ ಅವರು ಧೈವತದಲ್ಲೇ ತಡೆದು, ಏನೋ ನೆನಪಾದವರಂತೆ ಪಂಚಮಕ್ಕೆ ಇಳಿದರು. ಬೇಸ್ ನುಡಿಸುವವನು ನನ್ನ ಮುಖ ನೋಡಿದ. ಅಂದಿನಿಂದ ನಾವೂ ಹಾಗೆಯೇ ಇಳಿಯುತ್ತೇವೆ. ವೈನಿಗೆ ಇದನ್ನು ಹೇಳಿದಾಗ, "ಹಾಗಾದರೆ ನನ್ನ ಪಾಲು ಎಲ್ಲಿ?" ಎಂದರು. ನ್ಯಾಯವಾದ ಪ್ರಶ್ನೆ.

ಚೇಷ್ಟೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. ಕೋತಿಯ ಮುಖವಾಡ ಹಾಕಿ ಕುಣಿದರೆ ಬರುವುದಿಲ್ಲ. ತೀರ ಗಂಭೀರವಾಗಿ ನುಡಿಸುತ್ತ ಹೋಗಿ ಒಂದೇ ಒಂದು ಕಡೆ ಅರ್ಧ ಮಾತ್ರೆ ನಿಲ್ಲಿಸುವುದು, ಭೈರವದ ನಡುವೆ ಒಂದು ಸಾಲಿನ ಮದುವೆ ಬ್ಯಾಂಡಿನ ನಡೆ ತಂದು ಏನೂ ಆಗದವರಂತೆ ಮುಂದುವರಿಯುವುದು, ಹೀಗೆ. ನಕ್ಕುಬಿಟ್ಟರೆ ಕೆಟ್ಟಿತು.

ಹೆಸರೇ ಸಾಹಿತ್ಯ. ತುಣುಕಿನಲ್ಲಿ ಬೇರೆ ಮಾತಿಲ್ಲವಾದ್ದರಿಂದ ಹೆಸರಿಗೆ ಒಂದು ಸಂಜೆ ಮೀಸಲಿಡಿ. ಅಲೆ, ಮರಳು, ತೆಂಗಿನಮರ ಎಂದು ಇಲ್ಲದ್ದನ್ನು ಎರವಲು ತರಬೇಡಿ. ನಮ್ಮವು: 'ಉಣಕಲ್ಲಿನಲ್ಲಿ ಸುನಾಮಿ', 'ಚಿಗರಿ ಬಸ್ಸಿನ ಹಿಂದೆ ಎಮ್ಮೆ' (ಚಿಗರಿ ಎಂದರೆ ನಮ್ಮ ಅವಳಿ ನಗರದ ನಡುವೆ ಓಡುವ ವೇಗದ ಬಸ್ಸು), 'ಪೇಡೆಯ ಡಬ್ಬಿ ಖಾಲಿ'. ಎರಡನೆಯದರ ಹೆಸರು ಹೇಳಿದ ಕೂಡಲೇ ಜನ ನಗುತ್ತಾರೆ, ನುಡಿಸುವ ಮುನ್ನವೇ ಅರ್ಧ ಗೆದ್ದಿರುತ್ತೇವೆ.

ಧ್ವನಿಮುದ್ರಣಕ್ಕೆ ಸ್ಟುಡಿಯೋ ಬೇಕಿಲ್ಲ. ನಾಲ್ವರೂ ಒಟ್ಟಿಗೆ ಕೌದಿಯ ಕೋಣೆಯಲ್ಲಿ ನುಡಿಸಿ, ಎರಡು ಮೈಕ್ ಅಥವಾ ಒಂದು ಒಳ್ಳೆಯ ಮೊಬೈಲ್ ಇಟ್ಟು ಹಿಡಿಯಿರಿ, ಆಡಾಸಿಟಿ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ತುದಿ ಕತ್ತರಿಸಿ. ಒಬ್ಬೊಬ್ಬರದನ್ನೇ ಬೇರೆ ಬೇರೆ ಹಿಡಿದರೆ ಸ್ವಚ್ಛವಾಗುತ್ತದೆ, ಆದರೆ ಸಪ್ಪೆಯಾಗುತ್ತದೆ.

ವೇದಿಕೆ, ಕರೆಂಟು, ಕಾಗದ

ಇಪ್ಪತ್ತು ನಿಮಿಷ ಕೇಳಿ, ಹದಿನೈದು ನಿಮಿಷ ನುಡಿಸಿ ಇಳಿಯಿರಿ. ಕಾಲೇಜು ಉತ್ಸವ, ಗಣೇಶ ಮಂಡಳಿ, ನಾಟಕದ ಮುಂಚಿನ ಅರ್ಧ ಗಂಟೆ, ಎಲ್ಲ ಸರಿ. ಧಾರವಾಡದವರು ಕುಳಿತು ಕೇಳುತ್ತಾರೆ, ಮುಗಿಯುವವರೆಗೆ ಮುಖದಲ್ಲಿ ಏನೂ ತೋರುವುದಿಲ್ಲ; ಗಾಬರಿಯಾಗಬೇಡಿ. ಹುಬ್ಬಳ್ಳಿಯ ಗಣಪತಿ ಪೆಂಡಾಲಿನಲ್ಲಿ ಜನ ನಡೆಯುತ್ತಲೇ ಇರುತ್ತಾರೆ, ಅಲ್ಲಿ ವೇಗದ ತುಣುಕಿನಿಂದಲೇ ಶುರು ಮಾಡಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಯಲಿನಲ್ಲಿ ಹಚ್ಚುವಂತಿಲ್ಲ. ಅನುಮತಿಯ ಪ್ರತಿ ಆಯೋಜಕರ ಬಳಿ ಇದೆಯೇ ಎಂದು ಕೇಳಿ ನೋಡಿ. ಇದೆ ಎಂದರೆ ತೋರಿಸಲು ಹೇಳಿ.

ಕರೆಂಟಿನ ವಿಷಯದಲ್ಲಿ ಮುಲಾಜು ಬೇಡ. ಒಂದು ಸಭಾಂಗಣದಲ್ಲಿ ತುಣುಕಿನ ಹೆಸರು ಹೇಳಲು ಮೈಕಿನ ಬಳಿ ಬಾಯಿಟ್ಟೆ, ಕೈ ಗಿಟಾರಿನ ತಂತಿಯ ಮೇಲಿತ್ತು, ತುಟಿ ಝುಂ ಎಂದಿತು. ಯಾರೋ ಆಂಪ್ಲಿಫೈಯರಿನ ಪ್ಲಗ್ಗಿನ ಅರ್ಥಿಂಗ್ ಕಡ್ಡಿ ಮುರಿದು ಎರಡು ಕಣ್ಣಿನ ಸಾಕೆಟ್ಟಿಗೆ ತುರುಕಿದ್ದರು. ಗಿಟಾರ್ ಚೀಲದಲ್ಲಿ ಪಿಕ್ ಮರೆತರೂ ಟೆಸ್ಟರ್ ಮರೆಯಬೇಡಿ. ನುಡಿಸುವ ಮುನ್ನ ತಂತಿಗೆ, ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ. ದೀಪ ಬೆಳಗಿದರೆ ನುಡಿಸಬೇಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಚಹಾ ಕುಡಿಯಿರಿ. ಬೆಳಗದಿದ್ದರೂ ಅರ್ಥಿಂಗ್ ಇರುವ ಮೂರು ಕಡ್ಡಿಯ ಪ್ಲಗ್ಗನ್ನು ಕಣ್ಣಾರೆ ನೋಡಿಕೊಳ್ಳಿ. ಎಲ್ಲರ ವಾದ್ಯಕ್ಕೂ ಮೈಕಿಗೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಂಡರೆ ಗುಂಯ್‌ಗುಡುವುದೂ ಕಡಿಮೆ.

ಕೊನೆಗೆ ಪ್ರಯಾಣ. ಸ್ಪ್ರಿಂಗ್ ಡಬ್ಬಿಯನ್ನು ಹಾಗೆಯೇ ಬಸ್ಸಿನಲ್ಲಿ ಇಟ್ಟರೆ ಗದಗ ತಲುಪುವಷ್ಟರಲ್ಲಿ ಸ್ಪ್ರಿಂಗ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಹೊರಡುವ ಮುನ್ನ ಪಾತ್ರೆ ತಿಕ್ಕುವ ಮೆತ್ತನೆಯ ಸ್ಪಂಜೊಂದನ್ನು ಎರಡರ ನಡುವೆ ತುರುಕಿ ಮುಚ್ಚಳ ಹಾಕಿ. ವೇದಿಕೆ ಹತ್ತುವ ಮುನ್ನ ತೆಗೆಯಿರಿ. ನಾನೊಮ್ಮೆ ಮರೆತು ಮೊದಲ ತುಣುಕನ್ನು ಒಣಗಿದ ಸದ್ದಿನಲ್ಲೇ ಮುಗಿಸಿದ್ದೆ. ಹಾರ್ಮೋನಿಯಮ್ಮಿನವನೊಬ್ಬನೇ ತಿರುಗಿ ನೋಡಿದ. ತೆಗೆದ ಸ್ಪಂಜನ್ನು ಕೂಡಲೇ ಗಿಟಾರ್ ಚೀಲಕ್ಕೆ ಹಾಕಿಕೊಳ್ಳಿ. ವೇದಿಕೆಯ ಹಿಂದೆ ಬಿಟ್ಟರೆ ಅದು ಅಡುಗೆಯವರ ಕೈ ಸೇರುತ್ತದೆ, ನೀವು ಹುಡುಕುವ ಹೊತ್ತಿಗೆ ಉಪ್ಪಿಟ್ಟಿನ ಬೋಗುಣಿ ತಿಕ್ಕಿ ಮುಗಿದಿರುತ್ತದೆ.